ಓಡಲಾಗದವರ ಹೊಣೆ ಯಾರದು?

(ಸಂಡೂರಿನಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ದೂತರಾದ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.



2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಕಡೆಯವರು ಮರೆತಿರಲಿಕ್ಕಿಲ್ಲ. ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನದಿದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ತಾತ್ಕಾಲಿಕ ಗೇಟು ಕೂರಿಸಿ ನೀರು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಸಂಡೂರು ಆ ನದಿಯ ದಂಡೆಯಲ್ಲಿಲ್ಲ ನಿಜ. ಆದರೆ ಹೊಸಪೇಟೆ, ಕಂಪ್ಲಿಯಲ್ಲಿ ನಮಗೆ ನೆಂಟರಿದ್ದಾರೆ.

ಮರುದಿನ ನಾನೂ ಕಂಪ್ಲಿಯ ನೆಂಟರಿಗೆ ಫೋನ್ ಮಾಡಿದೆ. "ಸಾಮಾನು ಕಟ್ಟಿಟ್ಟಿದ್ದೇವೆ, ಗಾಡಿಗೆ ಪೆಟ್ರೋಲ್ ಹಾಕಿಸಿದ್ದೇವೆ" ಎಂದರು. ಫೋನ್ ಇಟ್ಟ ಮೇಲೆ ನನಗೆ ನೆನಪಾಯಿತು, ಆ ಮನೆಯಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದ ಖಾಲಾ ಇದ್ದಾರೆ. ಅವರನ್ನು ಯಾರು ಎತ್ತುತ್ತಾರೆ, ಯಾವ ಗಾಡಿಯಲ್ಲಿ ಮಲಗಿಸುತ್ತಾರೆ ಎಂದು ನಾನೂ ಕೇಳಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಮತ್ತೆ ಫೋನ್ ಮಾಡಿ ಕೇಳಿದಾಗ ಅತ್ತ ಕಡೆಯಿಂದ ಉತ್ತರವೇ ಬರಲಿಲ್ಲ. ಅಲ್ಲಾಹನ ಕೃಪೆಯಿಂದ ಅವರ ಮನೆಯವರೆಗೆ ನೀರು ಬರಲಿಲ್ಲ. ಅವನು ನಮ್ಮನ್ನು ಕಾಪಾಡಿದ, ನಮ್ಮ ಮರೆವನ್ನೂ ನಮಗೆ ತೋರಿಸಿಕೊಟ್ಟ.

ಸಹೋದರರೇ, ಹಝ್ರತ್ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಅವರ ವಿಷಯದಲ್ಲೇ ಸೂರಃ ಅಬಸದ ಮೊದಲ ವಚನಗಳು ಅವತೀರ್ಣವಾದವು. ಪ್ರವಾದಿ(ಸ) ಅವರನ್ನು ಅಝಾನ್ ಕೊಡಲು ನೇಮಿಸಿದ್ದರು. ತಾವು ಮದೀನಾದಿಂದ ಹೊರಗೆ ಹೋಗುವಾಗ ಅವರನ್ನು ತಮ್ಮ ಪ್ರತಿನಿಧಿಯಾಗಿಯೂ ಬಿಟ್ಟುಹೋಗಿದ್ದರು. ಬೆಳಕು ಹರಿಯುವುದು ಕಾಣದವರು ಫಜ್ರ್‌ನ ಅಝಾನ್ ಹೇಗೆ ಕೊಡುತ್ತಿದ್ದರು? ಬೆಳಗಾಯಿತು ಎಂದು ಜನ ಅವರಿಗೆ ತಿಳಿಸುತ್ತಿದ್ದರು, ಆಗ ಅವರು ಅಝಾನ್ ಕೊಡುತ್ತಿದ್ದರು ಎಂದು ಬುಖಾರಿಯಲ್ಲಿದೆ. ಅವರನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಒಂಟಿಯಾಗಿಯೂ ಬಿಡಲಿಲ್ಲ. ನಮ್ಮ ಗಲ್ಲಿಯ ಅಂಧ ಸಹೋದರನಿಗೆ "ನೀರು ಬರುತ್ತಿದೆ, ಏಳಿ" ಎಂದು ಹೇಳುವವರು ಯಾರು? ಮೈಕಿನ ಎಚ್ಚರಿಕೆ ಕೇಳಿಸದ ಕಿವುಡ ತಾಯಿಯ ಬಾಗಿಲು ತೆಗೆದು ಎಬ್ಬಿಸುವವರು ಯಾರು?

ಅಲ್ಲಾಹನ ಮೇಲೆ ತವಕ್ಕುಲ್ ಇದ್ದರೆ ಸಾಕು ಎನ್ನುವವರಿದ್ದಾರೆ. ಒಂಟೆಯನ್ನು ಕಟ್ಟು, ಆಮೇಲೆ ಭರವಸೆಯಿಡು ಎಂಬುದೇ ಪ್ರವಾದಿ(ಸ)ರ ಬೋಧನೆ. ಪ್ರವಾದಿ ನೂಹ್(ಅ) ಹಡಗು ಕಟ್ಟಿದ್ದು ಪ್ರವಾಹ ಬರುವ ಮೊದಲು. ಪ್ರವಾದಿ ಯೂಸುಫ್(ಅ) ಧಾನ್ಯ ಕೂಡಿಡಿಸಿದ್ದು ಬರಗಾಲಕ್ಕೆ ಮುಂಚೆ.

ನಮ್ಮೂರಿನ ಅಪಾಯಗಳೂ ನಮಗೆ ಗೊತ್ತಿವೆ. ಸುತ್ತ ಬೆಟ್ಟ, ನಡುವೆ ನಾರಿಹಳ್ಳ, ರಸ್ತೆ ತುಂಬ ಅದಿರಿನ ಲಾರಿಗಳು. ಇಕ್ಕಟ್ಟಾದ ಗಲ್ಲಿಗಳಲ್ಲಿ ಗ್ಯಾಸ್ ಸಿಲಿಂಡರಿಗೆ ಬೆಂಕಿ ಹತ್ತಿದರೆ ಓಡಬಲ್ಲವರು ಓಡುತ್ತಾರೆ. ಆಮ್ಲಜನಕದ ಯಂತ್ರದ ಮೇಲೆ ಬದುಕಿರುವವರಿಗೆ ರಾತ್ರಿಯಿಡೀ ಕರೆಂಟ್ ಹೋಗುವುದೂ ಆಪತ್ತೇ.

ಆದ್ದರಿಂದ ಪ್ರತಿ ಗಲ್ಲಿಯಲ್ಲೂ ಒಂದು ಪಟ್ಟಿ ಮಾಡೋಣ. ನಡೆಯಲಾಗದವರು, ಕಾಣದವರು, ಕೇಳದವರು, ಬುದ್ಧಿಮಾಂದ್ಯ ಮಕ್ಕಳು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ವೃದ್ಧರು, ತುಂಬು ಗರ್ಭಿಣಿಯರು ಯಾರ ಮನೆಯಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳೋಣ. ನೆರೆಯ ಹಿಂದೂ ಸಹೋದರರ ಮನೆಗಳೂ ಅದರಲ್ಲಿರಲಿ; ನೆರೆಯವನ ಹಕ್ಕಿಗೆ ಧರ್ಮದ ಭೇದವಿಲ್ಲ. ಪ್ರತಿ ಹೆಸರಿನ ಮುಂದೆ ಹತ್ತಿರದ ಇಬ್ಬರ ಹೆಸರಿರಲಿ, ಏಕೆಂದರೆ ಒಬ್ಬ ಗಣಿಯ ನೈಟ್ ಶಿಫ್ಟಿಗೆ ಹೋಗಿರಬಹುದು. ಸ್ತ್ರೀಯರ ನೆರವಿಗೆ ಸ್ತ್ರೀಯರೇ ಮುಂದೆ ಬರಲಿ. ಈ ಪಟ್ಟಿ ಒಂದು ಅಮಾನತ್. ಯಾರ ಕಾಯಿಲೆಯೂ ಚಹಾ ಅಂಗಡಿಯ ಮಾತಾಗಬಾರದು, ವಾಟ್ಸಾಪ್ ಗುಂಪಿಗೂ ಹೋಗಬಾರದು.

ಅಂಥವರಿರುವ ಮನೆಯಲ್ಲಿ ಒಂದು ಚೀಲ ಸಿದ್ಧವಿರಲಿ. ಒಂದು ವಾರದ ಔಷಧಿ, ಡಾಕ್ಟರ ಚೀಟಿ, ಆಧಾರ್ ಮತ್ತು ಅಂಗವೈಕಲ್ಯದ ಯುಡಿಐಡಿ ಕಾರ್ಡಿನ ಪ್ರತಿ, ಟಾರ್ಚ್, ಚಾರ್ಜರ್, ಶ್ರವಣಯಂತ್ರದ ಸೆಲ್ ಅದರಲ್ಲಿರಲಿ. ಪೊಲೀಸ್, ಅಗ್ನಿಶಾಮಕ ನೆರವಿಗೆ 112, ಆಂಬುಲೆನ್ಸಿಗೆ 108 ಎಂದು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆದಿಡಿ.

ನೆರವಾಗುವುದಕ್ಕೂ ರೀತಿಯಿದೆ. ಅಂಧರನ್ನು ಹಿಡಿದು ಎಳೆಯಬೇಡಿ. ಹೆಸರು ಹೇಳಿ, ನಿಮ್ಮ ತೋಳು ಕೊಡಿ, ಅವರು ಹಿಡಿದುಕೊಂಡು ಬರುತ್ತಾರೆ. ಕೇಳದವರಿಗೆ ಎದುರು ನಿಂತು ಕೈಸನ್ನೆ ಮಾಡಿ, ಕತ್ತಲಿದ್ದರೆ ಟಾರ್ಚ್ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ನಡೆಯಲಾಗದವರನ್ನು ಹೇಗೆ ಎತ್ತಿದರೆ ನೋವಾಗುವುದಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತು, ಅವರನ್ನೇ ಇಂದೇ ಕೇಳಿ. ಗಾಲಿಕುರ್ಚಿಯನ್ನು ಹಿಂದೆ ಬಿಟ್ಟು ಬರಬೇಡಿ, ಅದು ಅವರ ಕಾಲು. ಒಂದು ದಿನ ಅಸರ್ ನಮಾಝಿನ ನಂತರ ಒಮ್ಮೆ ಅಭ್ಯಾಸ ಮಾಡಿ ನೋಡಿ. ಯಾವ ಮೆಟ್ಟಿಲು ಅಡ್ಡ, ಯಾವ ಬಾಗಿಲು ಕಿರಿದು ಎಂಬುದು ಆಗ ತಿಳಿಯುತ್ತದೆ. ಮಸೀದಿಯ ಮೆಟ್ಟಿಲನ್ನೂ ನೋಡಿ. ಗಾಲಿಕುರ್ಚಿ ಒಳಗೆ ಬರಲಾಗದಿದ್ದರೆ ಆಪತ್ತಿನ ದಿನ ಇಲ್ಲಿ ಯಾರಿಗೆ ಆಶ್ರಯ ಕೊಡುತ್ತೇವೆ?

ಸರಕಾರಕ್ಕೂ ಹೊಣೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಮಿನಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಂಡು, ಅಪಾಯದ ಸುದ್ದಿ ಅವರಿಗೆ ಮುಟ್ಟಿಸಬೇಕು. ನಿಮ್ಮ ಮನೆಯವರ ಹೆಸರು ಅದರಲ್ಲಿದೆಯೇ ಎಂದು ಪುರಸಭೆ ಅಥವಾ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅದು ಬೇಡಿಕೆಯಲ್ಲ, ಹಕ್ಕು. ಆದರೆ ಮಧ್ಯರಾತ್ರಿ ಮೊದಲು ತಲುಪುವುದು ಪಕ್ಕದ ಮನೆಯವನೇ.

ನಮಗೆ ನೆರವು ಮತ್ತು ಅನ್ನ ದೊರೆಯುವುದು ನಮ್ಮ ನಡುವಿನ ದುರ್ಬಲರ ಕಾರಣದಿಂದ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಸಿಗೆ ಹಿಡಿದ ಆ ಖಾಲಾ ನಮಗೆ ಭಾರವಲ್ಲ. ಅವರ ದುಆದ ಬರಕತ್ತಿನಲ್ಲಿ ನಾವು ಉಣ್ಣುತ್ತಿದ್ದೇವೆ. ಇಂದು ನಮಾಝ್ ಮುಗಿಸಿ ಹೋಗುವಾಗ ಅಂಥ ಒಂದು ಮನೆಯ ಬಾಗಿಲು ತಟ್ಟಿ, "ರಾತ್ರಿ ಏನಾದರೂ ಆದರೆ ನಾನು ಬರುತ್ತೇನೆ" ಎಂದು ಹೇಳಿ ಹೋಗಿ.

ಅಲ್ಲಾಹನು ನಮ್ಮ ಊರುಗಳನ್ನು ಎಲ್ಲ ಆಪತ್ತುಗಳಿಂದ ಕಾಪಾಡಲಿ, ದುರ್ಬಲರ ಹಕ್ಕು ಸಲ್ಲಿಸುವ ತೌಫೀಕ್ ನಮಗೆ ನೀಡಲಿ. ಆಮೀನ್.