ಎಡಗಾಲಿನ ಪಾಠ

(ಹೈದರಾಬಾದಿನಲ್ಲಿ ನಮ್ಮ ಸಂಘದ ಆಟಗಾರ ತರುಣರ ಮುಂದೆ ಮಾಡಿದ ಭಾಷಣ)



ವ್ಯಾಯಾಮವೆಂದರೆ ಮೈ ಬೆಳೆಸುವುದು, ಆಟವೆಂದರೆ ಗೆಲ್ಲುವುದು, ಇಷ್ಟೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಕಳೆದ ಭಾನುವಾರ ಮೈದಾನದಲ್ಲಿ ಏನಾಯಿತು? ಹೋಟೆಲಿನಲ್ಲಿ ನಡುರಾತ್ರಿಯವರೆಗೆ ನಿಂತು ದುಡಿದು, ಬೆಳಿಗ್ಗೆ ಆಡಲು ಬಂದ ತರುಣನೊಬ್ಬ ಚೆಂಡು ಬಿಟ್ಟ. ನಾವು ನಕ್ಕೆವು. ‘ಇವನನ್ನು ಯಾರಪ್ಪ ಸೇರಿಸಿದರು?’ ಎಂದೆವು. ಇಂದು ಅವನು ಬಂದಿಲ್ಲ. ಈ ಮಾತು ಅವನ ಕುರಿತದ್ದಲ್ಲ, ನಮ್ಮ ಕುರಿತದ್ದು.

ಈ ಊರಿನಲ್ಲಿ ಸೈಯದ್ ಅಬ್ದುಲ್ ರಹೀಮ್ ಎಂಬ ಮೇಷ್ಟ್ರಿದ್ದರು. ನಮ್ಮವರು ಬಲ್ಲ ಕಾಚಿಗುಡಾದ ಶಾಲೆಯೊಂದರಲ್ಲಿಯೂ ಪಾಠ ಹೇಳಿದವರು. ಮುಂದೆ ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಯ ಮಕ್ಕಳನ್ನು ಆಡಿಸಿದರು. ಹೈದರಾಬಾದ್ ಪೊಲೀಸ್ ತಂಡವನ್ನೂ ಭಾರತದ ಕಾಲ್ಚೆಂಡಿನ ತಂಡವನ್ನೂ ಪಳಗಿಸಿದವರು ಅವರೇ. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಗೆದ್ದೆವು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ. 1963ರಲ್ಲಿ ಅವರು ತೀರಿಕೊಂಡರು.

ಸಿಕಂದರಾಬಾದಿನ ಬಡ ಹುಡುಗ ತುಳಸಿದಾಸ ಬಲರಾಮನಿಗೆ ಅಭ್ಯಾಸಕ್ಕೆ ಬರಲು ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿನ ದುಡ್ಡನ್ನು ರಹೀಮರೇ ಕೊಟ್ಟರು. ಆ ಹುಡುಗ ಮೆಲ್ಬೋರ್ನಿನಲ್ಲಿಯೂ ಜಕಾರ್ತದಲ್ಲಿಯೂ ದೇಶಕ್ಕಾಗಿ ಆಡಿದ. ‘ಏಕೆ ಬರಲಿಲ್ಲ?’ ಎಂದು ಗದರುವುದು ಸುಲಭ, ‘ಹೇಗೆ ಬರುತ್ತೀಯೆ?’ ಎಂದು ಕೇಳುವವನೇ ಮೇಷ್ಟ್ರು.

ರಹೀಮರು ಬಲವಿಲ್ಲದ ಕಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಚೆಂಡನ್ನು ಒಬ್ಬನೇ ಉರುಳಿಸಿಕೊಂಡು ಹೋಗದೆ ಜೊತೆಗಾರನಿಗೆ ದಾಟಿಸಲೇಬೇಕಾದ ಪಂದ್ಯಗಳನ್ನೂ ನಡೆಸಿದರು. ಅವರು ಇದನ್ನು ಕೌಶಲಕ್ಕಾಗಿ ಮಾಡಿಸಿದರು. ನಮಗೆ ಅದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಬಲಗಾಲಿನ ಶೂರ ಎಡಗಾಲಿನಲ್ಲಿ ಒದ್ದಾಗ ಚೆಂಡು ಎತ್ತಲೋ ಹೋಗುತ್ತದೆ. ಆಗ ಅವನಿಗೆ ಸೋತ ಕಾಲಿನ ಕಷ್ಟ ತಿಳಿಯುತ್ತದೆ. ಚೆಂಡು ದಾಟಿಸಬೇಕಾದವನು ತಲೆ ಎತ್ತಿ ಪಕ್ಕದವನನ್ನು ನೋಡಲೇಬೇಕಾಗುತ್ತದೆ.

ಈ ಗುಣ ನಮಗೆ ಹೊಸದಲ್ಲ. ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿದ್ದಾರೆ. ಪಕ್ಕದ ಮಗ್ಗದವನಿಗೆ ಜ್ವರ ಬಂದರೆ ಅವನ ಮಗ್ಗದ ಮೇಲೂ ಒಂದು ಕಣ್ಣಿಟ್ಟವರು. ಹೋಟೆಲಿನಲ್ಲಿ ಒಬ್ಬ ಕೈ ಸುಟ್ಟುಕೊಂಡರೆ ಅವನ ಮೇಜುಗಳನ್ನು ಇನ್ನೊಬ್ಬ ನೋಡಿಕೊಳ್ಳುತ್ತಾನೆ. ದುಡಿಮೆಯಲ್ಲಿ ಇರುವುದನ್ನು ಆಟದಲ್ಲಿ ಏಕೆ ಮರೆಯಬೇಕು?

ಆದುದರಿಂದ ಎರಡು ಕೆಲಸ ಮಾಡೋಣ. ತಿಂಗಳ ಮೊದಲ ಭಾನುವಾರ ಎಲ್ಲರೂ ಬಲವಿಲ್ಲದ ಕಾಲಿನಿಂದಲೇ ಆಡೋಣ. ಅಂದು ಗೆದ್ದವರಾರೆಂದು ಬರೆದಿಡುವುದು ಬೇಡ. ರಾತ್ರಿಪಾಳಿಯವರಿಗಾಗಿ ಆಟವನ್ನು ಬೆಳಗಿನಿಂದ ಸಂಜೆಗೆ ಹಾಕೋಣ.

ಮೂರನೆಯದು ಇಂದೇ ಆಗಬೇಕಾದದ್ದು. ಸಭೆ ಮುಗಿದ ಮೇಲೆ ನಾವೆಲ್ಲ ಆ ತರುಣನ ಕೋಣೆಗೆ ಹೋಗೋಣ. ಉಪದೇಶ ಬೇಡ. ‘ತಪ್ಪಾಯಿತು, ನಾಳಿದ್ದು ಬಾ’ ಎಂದರೆ ಸಾಕು.