ಬಿಸಿ ಉಕ್ಕು ಕಲಿಸುವ ಪಾಠ



ಲೇತ್ ಮೇಲೆ 100 ಮಿಲಿಮೀಟರ್ ವ್ಯಾಸದ ಉಕ್ಕಿನ ತುಂಡು, ಅಂದರೆ ಜಾಬ್, ತಿರುಗುತ್ತಿದೆ ಎಂದುಕೊಳ್ಳಿ. ಕೆಲಸ ಕಲಿಯುತ್ತಿರುವ ಹುಡುಗ ಯಂತ್ರ ನಿಲ್ಲಿಸಿ ಮೈಕ್ರೋಮೀಟರ್ ಹಿಡಿದು ನೋಡುತ್ತಾನೆ, ಅಳತೆ ಸರಿಯಾಗಿದೆ. ಆರಿದ ಮೇಲೆ ನೋಡಿದರೆ ಕಡಿಮೆ! ಹೆರೆಯುವಾಗ ಉಕ್ಕು ಬಿಸಿಯಾಗಿತ್ತು. 20 ಡಿಗ್ರಿ ಬಿಸಿ ಏರಿದರೆ ಅಷ್ಟು ದಪ್ಪದ ಉಕ್ಕು ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಈ ಹಿಗ್ಗುವಿಕೆಯ ಸೂತ್ರ ಪಿಯುಸಿಯಿಂದಲೂ ಅವನಿಗೆ ಬಾಯಿಪಾಠ. ಅದು ಕೈಗೆ ಹತ್ತಿದ್ದು ಮಾತ್ರ ಒಂದು ಜಾಬ್ ಕೆಟ್ಟ ಮೇಲೆ.

ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು ಓದಿದ ಪಾಠ ಕೈಗೆ ಹತ್ತುವುದು ಕೆಲಸದ ಜಾಗದಲ್ಲೇ ಎಂಬುದನ್ನು ಮನಗಂಡಿದ್ದರು. 1906ರಲ್ಲಿ 27 ವಿದ್ಯಾರ್ಥಿಗಳೊಂದಿಗೆ ಅವರು ಹೊಸ ಪದ್ಧತಿ ಶುರುಮಾಡಿದರು. ಒಬ್ಬ ಒಂದು ವಾರ ತರಗತಿಯಲ್ಲಿದ್ದರೆ ಅವನ ಜೊತೆಗಾರ ಕಾರ್ಖಾನೆಯಲ್ಲಿ, ಮರುವಾರ ಅದಲುಬದಲು. ಯಂತ್ರದ ಮುಂದೆ ಹುಟ್ಟಿದ ಪ್ರಶ್ನೆ ಆರುವ ಮೊದಲೇ ಮೇಷ್ಟರ ಮುಂದೆ ಬರುತ್ತಿತ್ತು.

ಕೆಲಸದ ಜೊತೆಗೇ ಕಲಿಸುವ ಕೇಂದ್ರ ನಮ್ಮಲ್ಲೂ ಇದೆ. ನಮ್ಮ ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಆರಂಭವಾಯಿತು. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ ಕಲಿಕೆ, ಒಂದು ವರ್ಷ ಉದ್ಯಮದಲ್ಲಿ ತರಬೇತಿ. ಹೊರಗಿನ ಕಂಪನಿಗಳಿಗೆ ಟೂಲ್ ಮಾಡಿಕೊಡುವ ಕೆಲಸವೂ ಅದೇ ಕೇಂದ್ರದಲ್ಲಿ ನಡೆಯುತ್ತದೆ. ಗಿರಾಕಿಗೆ ಹೋಗಬೇಕಾದ ಸಾಮಾನು, ಅದನ್ನು ಮುಗಿಸಬೇಕಾದ ದಿನಾಂಕ, ಎರಡೂ ಮಕ್ಕಳ ಕಣ್ಣೆದುರಿಗೇ ಇರುತ್ತವೆ. ಹೊಣೆ ಎಂಬುದು ಅರಿವಿಗೆ ಬರುವುದು ಹೀಗೆ.

ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಈಗ ಇಂಟರ್ನ್‌ಶಿಪ್ ಇದೆ. ಆದರೆ ಎಷ್ಟೋ ಕಡೆ ದೊಡ್ಡ ಪಾಲು ಬರುವುದು ಕೊನೆಯ ವರ್ಷದಲ್ಲಿ. ಅಲ್ಲಿ ಎದ್ದ ಪ್ರಶ್ನೆಯನ್ನು ಹೊತ್ತು ಮರಳಲು ಆಗ ತರಗತಿಯೇ ಉಳಿದಿರುವುದಿಲ್ಲ. ಕೆಲವರಂತೂ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುತ್ತಾರೆ. ಅದು ಮಕ್ಕಳಿಗೆ ನಾವೇ ಮಾಡುವ ಮೋಸ. ಕಾಲೇಜುಗಳು ಎರಡನೇ ವರ್ಷದಿಂದಲೇ ಮಕ್ಕಳನ್ನು ಕೆಲಸದ ಜಾಗಕ್ಕೆ ಕಳಿಸಲಿ. ಅವರು ಮರಳಿದಾಗ ಕಂಡದ್ದನ್ನೂ ಕೆಟ್ಟದ್ದನ್ನೂ ಕೇಳಿ, ಅಲ್ಲಿಂದಲೇ ಪಾಠ ಎತ್ತಿಕೊಳ್ಳಲಿ.

ತಂದೆತಾಯಿಗಳೇ, ಸಂಬಳ ಎಷ್ಟೆಂದು ಕೇಳುವ ಮೊದಲು ಇವತ್ತು ಏನು ಮಾಡಿದೆ, ಯಾರು ತಿದ್ದಿದರು ಎಂದು ಕೇಳಿ. ಉದ್ಯಮ ನಡೆಸುವವರೇ, ಬಂದ ಹುಡುಗ ಹುಡುಗಿಯರನ್ನು ಮೂಲೆಯಲ್ಲಿ ಕೂರಿಸಬೇಡಿ. ಪಳಗಿದ ಒಬ್ಬ ಕೆಲಸಗಾರನ ಪಕ್ಕದಲ್ಲಿ ನಿಲ್ಲಿಸಿ. ಕೆಡಿಸಿ ಕಲಿಯಲು ಒಂದಿಷ್ಟು ಉಕ್ಕನ್ನೂ ಕೊಡಿ.