ಪಾಸಿನ ಲೆಕ್ಕ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಸಂಸಾರಗಳಿಗೆ ಬೆಂಗಳೂರಿನ ರೈಲೇ ಆಸರೆಯಾಯಿತು. ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದವರ ಮಕ್ಕಳು ಈಗ ನಸುಕಿನಲ್ಲೇ ಮಾರಿಕುಪ್ಪಂ, ಕೋರಮಂಡಲ್ ನಿಲ್ದಾಣಗಳಲ್ಲಿ ಗಾಡಿ ಹತ್ತುತ್ತಾರೆ. ಹೋಗಲು ಸುಮಾರು 2 ಗಂಟೆ, ಬರಲು ಅಷ್ಟೇ ಹೊತ್ತು. ತಿಂಗಳಿಗೆ 25 ದಿನವೆಂದರೆ 100 ಗಂಟೆ. ನಾಲ್ಕು ಹಗಲು, ನಾಲ್ಕು ರಾತ್ರಿಗಳನ್ನು ಹಳಿಗಳ ಮೇಲೆಯೇ ಕಳೆದಂತಾಯಿತು. ತಡವಾದ ಗಾಡಿಯ ಲೆಕ್ಕ ಇದರಲ್ಲಿ ಸೇರಿಲ್ಲ.

ನಗರದಲ್ಲೇ ಮನೆ ಮಾಡಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಮಾಸಿಕ ಪಾಸಿನ ಹಣಕ್ಕೆ ಬೆಂಗಳೂರಿನಲ್ಲಿ ಕೋಣೆಯ ಮೂಲೆಯೂ ದೊರೆಯದು. ಅಲ್ಲದೆ ವೃದ್ಧ ತಂದೆತಾಯಿಗಳನ್ನು, ಗಣಿಯ ಕಾಲದ ಪುಟ್ಟ ಮನೆಯನ್ನು, ನೆರೆಹೊರೆಯನ್ನು ಬಿಟ್ಟು ಹೊರಡುವುದು ಸುಲಭದ ಮಾತಲ್ಲ. ಗಾಡಿಯಲ್ಲಿಯೂ ಒಂದು ಬಳಗವುಂಟು: ಒಂದೆಡೆ ಇಸ್ಪೀಟು, ಇನ್ನೊಂದೆಡೆ ರಾತ್ರಿಯ ಅಡುಗೆಗೆ ಸೊಪ್ಪು ಬಿಡಿಸುವ ಹೆಂಗಸರು. ಇದನ್ನು ಹೊಗಳಿ ಬರೆಯುವವರು ಬಹುಶಃ ಕಿಟಕಿಯ ಬಳಿ ಕುಳಿತವರೇ ಇರಬೇಕು. ಬಾಗಿಲಲ್ಲಿ ಜೋತು ನಿಂತವನಿಗೆ ಆ ಸೊಗಸು ಕಾಣದು.

ನನ್ನ ತಕ್ಕಡಿಯಲ್ಲಿ ಉಳಿದ ಬಾಡಿಗೆಗಿಂತಲೂ ಭಾರವಾಗಿ ತೂಗುವುದು ಬೇರೊಂದು. ಎಷ್ಟೋ ಮನೆಗಳಲ್ಲಿ ಎಳೆಯ ಮಕ್ಕಳು ತಂದೆಯ ಮುಖ ಕಾಣುವುದು ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ, ರಾತ್ರಿಯ ಗಾಡಿ ಊರು ಮುಟ್ಟುವ ಹೊತ್ತಿಗೆ ಅವು ಉಂಡು ಮಲಗಿರುತ್ತವೆ.